ನನ್ನ ತಮ್ಮನ ದವಡೆಯನ್ನು ನೋಡಿದವರು ಯಾರು?

ದಂತಚಿಕಿತ್ಸೆಯ ಡಿಜಿಟಲ್ ಪರಿಭಾಷಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ತಮ್ಮನ ಕೆಳತುಟಿಯ ಎಡ ಅರ್ಧ ಸತ್ತಿದೆ. ಬಲ ಅರ್ಧ ಇನ್ನೂ ಜೀವಂತವಾಗಿದೆ. ಈ ಪತ್ರ ಆ ಬಲ ಅರ್ಧದ ಕುರಿತು. ಎಡ ಅರ್ಧದ ಬಗ್ಗೆ ನಿಮಗೆ ಈಗಾಗಲೇ ಬರೆದಿದ್ದೆ, ನಿಮ್ಮ ಕಚೇರಿಯಿಂದ ಉತ್ತರವೂ ಬಂದಿತ್ತು. ಆ ಉತ್ತರದ ಸೊಗಸನ್ನು ಆಮೇಲೆ ಹೇಳುತ್ತೇನೆ. ಬರುವ ಗುರುವಾರ ಅವನು ಮತ್ತೆ ದಂತವೈದ್ಯರ ಕುರ್ಚಿಯಲ್ಲಿ ಒರಗಿ ಬಾಯಿ ತೆರೆಯಲಿದ್ದಾನೆ. ಅಷ್ಟರೊಳಗೆ ನೀವು ಒಂದೇ ಒಂದು ಪದದ ಅರ್ಥವನ್ನು ನಿಗದಿ ಮಾಡಬೇಕಿತ್ತು. ಮಾಡಿಲ್ಲ. ಮಾಡುವ ಲಕ್ಷಣವೂ ಕಾಣುತ್ತಿಲ್ಲವಾದ್ದರಿಂದ ಈಗ ನಾಲ್ಕು ಜನರ ಮುಂದೆ ನಿಂತು ಕೇಳುತ್ತಿದ್ದೇನೆ.

ನಾನು ಯಾರೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಿಮ್ಮ ಕಚೇರಿಯಲ್ಲಿ ನನ್ನನ್ನು ‘ಆ ದವಡೆ ಹೆಂಗಸು’ ಎಂದು ಕರೆಯುತ್ತಾರೆ ಎಂಬುದು ನನ್ನ ಕಿವಿಗೂ ಬಿದ್ದಿದೆ. ನಾನು ಆಸ್ಪತ್ರೆಯೊಂದರ ಔಷಧ ಕೌಂಟರಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ನಮ್ಮಲ್ಲಿ ಒಂದು ಪದ್ಧತಿ ಇದೆ. ಕಪಾಟಿನಿಂದ ಔಷಧ ತೆಗೆಯುವವರು ಒಬ್ಬರು, ಅದನ್ನು ನೋಡುವವರು ಇನ್ನೊಬ್ಬರು. ನೋಡುವವರು ಬರೀ ‘ಸರಿ’ ಅನ್ನುವ ಹಾಗಿಲ್ಲ, ಏನು ನೋಡಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು: ಹೆಸರು ನೋಡಿದೆ, ಪ್ರಮಾಣ ನೋಡಿದೆ, ಅವಧಿ ಮುಗಿದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಇದೇನು ಮಗ್ಗಿ ಒಪ್ಪಿಸುವುದು ಎಂದು ಮುಸಿಮುಸಿ ನಗುತ್ತಾರೆ. ಇದು ಯಾರದೋ ಜಾಣತನದಿಂದ ಹುಟ್ಟಿದ ಪದ್ಧತಿಯಲ್ಲ. ನಾನು ಸೇರುವುದಕ್ಕೂ ಮುಂಚೆ ಆ ಕೌಂಟರಿನಿಂದ ಹೋದ ಒಂದು ಶೀಶೆಯಿಂದ ಮಗುವೊಂದು ಸತ್ತಿತ್ತು. ಎಲ್ಲರೂ ‘ಸರಿ ಇದೆ’ ಅಂದಿದ್ದರು. ಏನು ಸರಿ ಇದೆ ಎಂದು ಯಾರೂ ಕೇಳಿರಲಿಲ್ಲ. ಆಮೇಲೆ ಬಂದ ಪದ್ಧತಿ ಅದು. ಹಾಗಾಗಿ ‘ನೋಡಿದ್ದೇವೆ’ ಎಂದು ಯಾರಾದರೂ ಹೇಳಿದರೆ ಏನನ್ನು ಎಂದು ಕೇಳುವುದು ನನಗೆ ಅಂಟಿಕೊಂಡ ಚಾಳಿ.

ನನ್ನ ತಮ್ಮನನ್ನು ಮನೆಯಲ್ಲಿ ಪೀಪಿ ಅನ್ನುತ್ತೇವೆ. ತಲೆ ಬೋಳಾಗುತ್ತ ಬಂದರೂ, ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿ ಮಕ್ಕಳನ್ನು ಹೆದರಿಸುವಷ್ಟು ದೊಡ್ಡವನಾದರೂ ಅವನು ಪೀಪಿಯೇ. ಚಿಕ್ಕಂದಿನಲ್ಲಿ ಕೈಗೆ ಸಿಕ್ಕಿದ ಕೊಳವೆಯನ್ನೆಲ್ಲ ಬಾಯಿಗಿಟ್ಟು ಊದುತ್ತಿದ್ದವನಿಗೆ ಅಪ್ಪ ಕಾಟ ತಾಳಲಾರದೆ ಹಳೆಯ ಕ್ಲಾರಿನೆಟ್ ಒಂದನ್ನು ತಂದುಕೊಟ್ಟರು, ಅದರಿಂದ ಕಾಟ ಇನ್ನೂ ಜಾಸ್ತಿಯಾಯಿತು. ಊರಿನ ವಾದ್ಯವೃಂದದಲ್ಲಿ ಅವನದು ಮುಂದಿನ ಸಾಲು. ಕ್ಲಾರಿನೆಟ್ ನುಡಿಸುವುದು ಹೇಗೆಂದು ನಿಮಗೆ ತಿಳಿದಿರಲಿಕ್ಕಿಲ್ಲ, ನನಗೂ ತಿಳಿದಿರಲಿಲ್ಲ. ಕೆಳತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಮಡಿಚಿ, ಅದರ ಮೇಲೆ ವಾದ್ಯದ ತುದಿಯ ತೆಳು ಪಟ್ಟಿಯನ್ನು ಕೂರಿಸಿ ಊದಬೇಕು. ಎಷ್ಟು ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಕಿವಿಗಿಂತ ಮೊದಲು ತುಟಿಗೆ ಗೊತ್ತಾಗುತ್ತದಂತೆ. ಇದನ್ನು ಅವನು ನನಗೆ ಹೇಳಿದ್ದು ತುಟಿಗೆ ಏನೂ ಗೊತ್ತಾಗದೆ ಹೋದ ಮೇಲೆ.

ಅವನ ಕೆಳದವಡೆಯ ಎರಡೂ ಕಡೆ ಒಂದೊಂದು ಹಲ್ಲನ್ನು ಹಿಂದೆಯೇ ಕೀಳಿಸಿಯಾಗಿತ್ತು. ಆ ಜಾಗದಲ್ಲಿ ಮೂಳೆಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದೆಂದು ತೀರ್ಮಾನವಾಯಿತು. ಮೊದಲು ಎಡಗಡೆ, ಅದು ಮಾಗಿದ ಮೇಲೆ ಬಲಗಡೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇರುವ ಚಿಕಿತ್ಸಾಲಯ. ಅಲ್ಲಿನ ವೈದ್ಯೆ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮೃದು, ಕೈ ಹಗುರ. ಕೆಳದವಡೆಯ ಮೂಳೆಯೊಳಗೆ ಒಂದು ನರ ಹೋಗುತ್ತದೆ, ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವುದು ಅದೇ, ಸ್ಕ್ರೂ ಅದರಿಂದ ದೂರ ಇರಬೇಕು ಎಂದು ಅವರು ಪರದೆಯ ಮೇಲೆ ತೋರಿಸಿದರು. ನೀಲಿ ಮೂಳೆ, ಅದರೊಳಗೆ ಕೆಂಪು ಗೆರೆ, ಗೆರೆಯ ಮೇಲೆ ಬೇಕಾದಷ್ಟು ಜಾಗ ಬಿಟ್ಟು ನಿಂತ ಸ್ಕ್ರೂ. ಮೂಲೆಯಲ್ಲಿ ಹಸಿರು ಗುರುತು, ಗುರುತಿನ ಪಕ್ಕದಲ್ಲಿ ಒಂದು ಪದ: ‘ಪರಿಶೀಲಿಸಲಾಗಿದೆ’. ಪೀಪಿ ಆ ಚಿತ್ರ ನೋಡಿ, “ಅಕ್ಕ, ನನ್ನ ಮೂಳೆ ನನಗಿಂತ ಚೆನ್ನಾಗಿದೆ,” ಅಂದ. ನಾನೂ ನಕ್ಕೆ.

ಎಡಗಡೆ ಸ್ಕ್ರೂ ಕೂರಿಸಿಕೊಂಡು ಬಂದ ಮಾರನೆಯ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗದ್ದ ಉಜ್ಜಿಕೊಳ್ಳುತ್ತಿದ್ದ.

“ಅಕ್ಕ, ಇಲ್ಲಿ ಮುಟ್ಟು. ಏನೂ ಗೊತ್ತಾಗ್ತಿಲ್ಲ. ಬೇರೆಯವರ ಮುಖ ಮುಟ್ಟಿದ ಹಾಗಿದೆ.”

ಚಿಕಿತ್ಸಾಲಯಕ್ಕೆ ಫೋನ್ ಮಾಡಿದೆ. ವೈದ್ಯೆಯೇ ಎತ್ತಿಕೊಂಡರು.

“ಮರಗಟ್ಟಿಸೋ ಇಂಜೆಕ್ಷನ್ ಕೆಲವರಿಗೆ ನಿಧಾನವಾಗಿ ಇಳಿಯುತ್ತೆ. ನಾನೀಗ ಸ್ಕ್ರೀನ್ ಮುಂದೇನೇ ಇದ್ದೀನಿ ನೋಡಿ, ನರಕ್ಕೂ ಸ್ಕ್ರೂಗೂ ತುಂಬಾ ಅಂತರ ಇದೆ. ಪ್ಲಾನ್ ಪರಿಶೀಲನೆ ಆಗಿದೆ. ನೀವು ಯೋಚನೆ ಮಾಡ್ಬೇಡಿ.”

ಮಾನ್ಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಕಡೆ ಒಬ್ಬ ಮನುಷ್ಯ ತನ್ನ ತುಟಿ ಇಲ್ಲ ಅನ್ನುತ್ತಿದ್ದಾನೆ. ಇನ್ನೊಂದು ಕಡೆ ಒಂದು ಪರದೆ, ತುಟಿ ಇದೆ ಅನ್ನುತ್ತಿದೆ. ಗೆದ್ದದ್ದು ಪರದೆ. ಎರಡನೆಯ ದಿನವೂ ಗೆದ್ದಿತು, ಮೂರನೆಯ ದಿನವೂ ಗೆದ್ದಿತು. ಅಷ್ಟರಲ್ಲಿ ಅವನು ಬಿಸಿ ಚಹಾ ಕುಡಿದು ತುಟಿ ಸುಟ್ಟುಕೊಂಡ. ಸುಟ್ಟಿದ್ದು ತಿಳಿದದ್ದು ಕನ್ನಡಿಯಲ್ಲಿ ಬೊಬ್ಬೆ ಕಂಡಾಗ. ಆ ಬೊಬ್ಬೆಯನ್ನು ಹೊತ್ತುಕೊಂಡು ಹೋಗಿ ವೈದ್ಯೆಯ ಮುಂದೆ ಕೂತ ಮೇಲೆ ಅವರ ಮುಖದ ಬಣ್ಣ ಇಳಿಯಿತು. ಮತ್ತೆ ಸ್ಕ್ಯಾನ್ ಆಯಿತು. ಈ ಸಲ ಅವರು ಹಸಿರು ಗುರುತನ್ನು ನಂಬದೆ ಮೂಳೆಯ ಚಿತ್ರವನ್ನು ಪದರ ಪದರವಾಗಿ ತಾವೇ ತೆರೆದು ನೋಡಿದರು. ನರ ಆ ಕೆಂಪು ಗೆರೆ ಇದ್ದಲ್ಲಿ ಇರಲಿಲ್ಲ. ಅದಕ್ಕಿಂತ ಮೇಲಿತ್ತು. ಸ್ಕ್ರೂವಿನ ತುದಿ ಅದರೊಳಗೇ ಇಳಿದಿತ್ತು. ಕೂಡಲೇ ತೆಗೆದರು. ಅವರು ನಮ್ಮನ್ನು ಕಳಿಸಿದ ತಜ್ಞರೊಬ್ಬರು, ಮೊದಲ ದಿನವೇ ತೆಗೆದಿದ್ದರೆ ಸ್ಪರ್ಶ ಮರಳುವ ಸಾಧ್ಯತೆ ಚೆನ್ನಾಗಿತ್ತು, ಈಗ ಹೇಳಲಾಗದು, ಅಂದರು. ‘ಹೇಳಲಾಗದು’ ಎಂದರೆ ಏನೆಂದು ನನ್ನ ಕೌಂಟರಿನಲ್ಲಿ ಇಷ್ಟು ವರ್ಷ ನಿಂತ ನನಗೆ ಗೊತ್ತಿದೆ. ಪೀಪಿಗೆ ಗೊತ್ತಾಗದಿರಲಿ ಎಂದು ಸುಮ್ಮನಿದ್ದೆ. ಅವನಿಗೂ ಗೊತ್ತಾಗಿತ್ತು, ಅವನೂ ಸುಮ್ಮನಿದ್ದ.

ಹಾಗಾದರೆ ‘ಪರಿಶೀಲಿಸಲಾಗಿದೆ’ ಎಂದು ಬರೆದವರು ಯಾರು, ಏನನ್ನು ಪರಿಶೀಲಿಸಿದರು? ಇದನ್ನು ತಿಳಿಯಲು ಹೊರಟೆ. ನನ್ನ ತಮ್ಮನ ದವಡೆ ಹಾದುಹೋದ ದಾರಿಯಲ್ಲೇ ನಾನೂ ಹೋದೆ.

ಮೊದಲು ಸ್ಕ್ಯಾನ್ ಕೇಂದ್ರ. ನೆಲಮಾಳಿಗೆ, ತಣ್ಣನೆಯ ಗಾಳಿ, ತಲೆಯ ಸುತ್ತ ತಿರುಗುವ ಯಂತ್ರ. ಅದನ್ನು ನಡೆಸುವವರು ಒಳ್ಳೆಯ ಮನುಷ್ಯ, ಕುರ್ಚಿ ಎಳೆದು ಕೂರಿಸಿದರು.

“ಪರಿಶೀಲನೆ ಅಂದ್ರೆ ಮೇಡಂ, ಚಿತ್ರ ಅಲ್ಲಾಡಿಲ್ಲ, ಫೈಲ್ ಪೂರ್ತಿ ಹೋಗಿದೆ ಅಂತ. ಪೇಷಂಟ್ ತಲೆ ಅಲ್ಲಾಡಿಸಿಬಿಟ್ರೆ ಮತ್ತೆ ತೆಗೀಬೇಕಲ್ಲ, ಅದಕ್ಕೆ.”

“ನರ ಎಲ್ಲಿದೆ ಅಂತ ನೋಡಲ್ವಾ?”

“ಅದು ನಮ್ಮ ಕೆಲಸ ಅಲ್ಲ. ಪ್ಲಾನ್ ಮಾಡೋರು ನೋಡಿರ್ತಾರೆ.”

ಪ್ಲಾನ್ ಮಾಡುವ ಸಂಸ್ಥೆಗೆ ಬಾಗಿಲಿಲ್ಲ, ಫೋನ್ ನಂಬರ್ ಮಾತ್ರ ಇದೆ. ಆ ತುದಿಯಲ್ಲಿದ್ದ ಯುವತಿ ಜೇನು ಸುರಿಸಿದ ಹಾಗೆ ಮಾತಾಡಿದಳು. ಅವರ ಪ್ರೋಗ್ರಾಂ ನರದ ಗೆರೆಯನ್ನು ತಾನೇ ಊಹಿಸಿ ಎಳೆಯುತ್ತದಂತೆ. ಆ ಗೆರೆಗೂ ಸ್ಕ್ರೂಗೂ ನಡುವೆ ಸಾಕಷ್ಟು ಅಂತರವಿದ್ದರೆ ‘ಪರಿಶೀಲಿಸಲಾಗಿದೆ’ ಎಂದು ತಾನೇ ಬರೆದುಕೊಳ್ಳುತ್ತದಂತೆ.

“ಗೆರೆನೇ ತಪ್ಪು ಜಾಗದಲ್ಲಿ ಇದ್ರೆ?”

“ಅದನ್ನು ಡಾಕ್ಟರು ನೋಡಿರ್ತಾರೆ ಮೇಡಂ. ಮತ್ತೆ ಮೂಳೆ ಚಿತ್ರ ನಮಗೆ ಬರೋವಾಗಲೇ ಪರಿಶೀಲನೆ ಆಗಿರುತ್ತೆ.”

ಮೂರನೆಯದು ಕಾರ್ಖಾನೆಗಳ ಬೀದಿಯಲ್ಲಿರುವ ಲ್ಯಾಬ್. ವೈದ್ಯರು ಮೂಳೆಯಲ್ಲಿ ತೂತು ಕೊರೆಯುವಾಗ ಡ್ರಿಲ್ ಅತ್ತಿತ್ತ ಹೋಗದಂತೆ ಹಲ್ಲಿನ ಮೇಲೆ ಕೂರಿಸುವ ಪಾರದರ್ಶಕ ಅಚ್ಚನ್ನು ಅಲ್ಲಿ ಯಂತ್ರದಿಂದ ಮುದ್ರಿಸುತ್ತಾರೆ, ಗೈಡ್ ಅನ್ನುತ್ತಾರೆ ಅದಕ್ಕೆ. ಕನ್ನಡಕ ಹಣೆಗೇರಿಸಿಕೊಂಡಿದ್ದ ಯಜಮಾನರು ಒಂದು ಗೈಡನ್ನು ಪ್ಲಾಸ್ಟಿಕ್ ಹಲ್ಲುಗಳ ಮೇಲೆ ಕೂರಿಸಿ ಅಲ್ಲಾಡಿಸಿ ತೋರಿಸಿದರು. ಅಲ್ಲಾಡಲಿಲ್ಲ.

“ಇದೇ ನಮ್ಮ ಪರಿಶೀಲನೆ. ಗಟ್ಟಿಯಾಗಿ ಕೂರಬೇಕು.”

“ತೂತು ಇರಬೇಕಾದ ಕಡೆ ಇದೆಯಾ ಅಂತ?”

“ಪ್ಲಾನ್‌ನಲ್ಲಿ ಎಲ್ಲಿದೆಯೋ ಅಲ್ಲೇ ಇದೆ ತಾಯಿ. ಪ್ಲಾನ್ ಯಾರೋ ನೋಡಿರ್ತಾರಲ್ಲ.”

ಕೊನೆಗೆ ಮತ್ತೆ ಚಪ್ಪಲಿ ಅಂಗಡಿಯ ಮಹಡಿ ಹತ್ತಿದೆ. ವೈದ್ಯೆ ಬಾಗಿಲು ಹಾಕಿಕೊಂಡು ಕೂತು ಮಾತಾಡಿದರು.

“ಫೈಲ್ ನನಗೆ ಬಂದಾಗ ಮೂರು ಹಸಿರು ಗುರುತು ಇತ್ತು. ಎಕ್ಸ್-ರೇ ತಜ್ಞರು ಯಾರೋ ಕೂತು ಗೆರೆ ಎಳೆದಿದ್ದಾರೆ ಅಂದ್ಕೊಂಡೆ. ಎಳೆದಿದ್ದಾರೆ ಅಂತ ಎಲ್ಲೂ ಬರೆದಿರಲಿಲ್ಲ. ಎಳೆದಿಲ್ಲ ಅಂತಾನೂ ಬರೆದಿರಲಿಲ್ಲ. ನಾನೇ ನೋಡ್ಬೇಕಿತ್ತು.”

ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ‘ನಾನೇ ನೋಡಬೇಕಿತ್ತು’ ಎಂಬ ಮಾತನ್ನು ಆ ದಾರಿಯುದ್ದಕ್ಕೂ ನನಗೆ ಹೇಳಿದವರು ಅವರೊಬ್ಬರೇ.

ಗಮನಿಸಿ, ಮಾನ್ಯರೇ. ಈ ನಾಲ್ವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಸ್ಕ್ಯಾನ್ ಕೇಂದ್ರದವರು ಪರಿಶೀಲಿಸಿದ್ದರು, ಚಿತ್ರ ಅಲ್ಲಾಡಿರಲಿಲ್ಲ. ಪ್ರೋಗ್ರಾಂ ಪರಿಶೀಲಿಸಿತ್ತು, ತಾನು ಎಳೆದ ಗೆರೆಯಿಂದ ತಾನು ಇಟ್ಟ ಸ್ಕ್ರೂ ದೂರವಿತ್ತು. ಲ್ಯಾಬಿನವರು ಪರಿಶೀಲಿಸಿದ್ದರು, ಅಚ್ಚು ಗಟ್ಟಿಯಾಗಿ ಕೂತಿತ್ತು. ಮೂರು ಪರಿಶೀಲನೆಗಳಾದವು, ನನ್ನ ತಮ್ಮನ ನರ ಎಲ್ಲಿದೆ ಎಂದು ಒಂದು ಜೊತೆ ಕಣ್ಣು ಸಹ ನೋಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಹಿಂದಿನವರ ಅಥವಾ ಮುಂದಿನವರ ಕಡೆ ಬೆರಳು ತೋರಿಸಿ ‘ನೋಡಿರ್ತಾರೆ’ ಅಂದರು. ಈ ‘ನೋಡಿರ್ತಾರೆ’ ಎಂಬ ಮಾತಿನ ಮೇಲೆ ನಿಮ್ಮ ಇಡೀ ಡಿಜಿಟಲ್ ದಂತಚಿಕಿತ್ಸೆ ನಿಂತಿದೆ. ಯಂತ್ರಗಳ ಮೇಲೆ ನನಗೆ ದ್ವೇಷವಿಲ್ಲ. ನನ್ನ ಕೌಂಟರಿನಲ್ಲೂ ಯಂತ್ರಗಳಿವೆ, ಅವು ನನಗಿಂತ ಚುರುಕು. ಆದರೆ ಯಂತ್ರ ಊಹಿಸಿದ್ದಕ್ಕೂ ಮನುಷ್ಯ ನೋಡಿದ್ದಕ್ಕೂ ಒಂದೇ ಪದ, ಒಂದೇ ಹಸಿರು ಬಣ್ಣ ಕೊಟ್ಟರೆ, ಆ ಬಣ್ಣವನ್ನು ನೋಡಿದ ಮನುಷ್ಯ ತಾನು ನೋಡುವುದನ್ನು ನಿಲ್ಲಿಸುತ್ತಾನೆ.

ಇದು ಪದಗಳ ತಪ್ಪಲ್ಲ, ವೈದ್ಯೆಯ ಅಜಾಗ್ರತೆ ಎಂದು ನೀವು ಅನ್ನಬಹುದು. ಅನ್ನಿ. ಆದರೆ ಆಮೇಲೆ ಇದಕ್ಕೂ ಉತ್ತರ ಕೊಡಿ. ಆ ಮಹಡಿಯ ಮೇಲೆ ‘ಸ್ಕ್ಯಾನ್’ ಎಂದರೆ ಬಾಯೊಳಗೆ ಆಡಿಸುವ ಪುಟ್ಟ ಕ್ಯಾಮೆರಾ, ಅದು ಹಲ್ಲು ಒಸಡು ಮಾತ್ರ ನೋಡುತ್ತದೆ. ನೆಲಮಾಳಿಗೆಯಲ್ಲಿ ‘ಸ್ಕ್ಯಾನ್’ ಎಂದರೆ ಎಕ್ಸ್-ರೇ, ಅದು ಮೂಳೆ ನೋಡುತ್ತದೆ. ‘ಸ್ಕ್ಯಾನ್ ಆಗಿದೆ’ ಎಂದಾಗ ಏನಾಗಿದೆ? ಲ್ಯಾಬಿನಲ್ಲಿ ‘ಮಾದರಿ’ ಎಂದರೆ ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ದವಡೆ, ಚಿಕಿತ್ಸಾಲಯದಲ್ಲಿ ಪರದೆಯ ಮೇಲಿನ ಚಿತ್ರ, ಆ ಜೇನಿನ ದನಿಯ ಸಂಸ್ಥೆಯಲ್ಲಿ ಗೆರೆ ಊಹಿಸುವ ಪ್ರೋಗ್ರಾಂ. ‘ಮಾದರಿ ಸರಿ ಇದೆ’ ಎಂದರೆ ಯಾವುದು ಸರಿ ಇದೆ? ಒಂದೇ ಬಾಯಿಯ ಸುತ್ತ ಕೂತ ನಾಲ್ಕು ಜನ ಒಂದೇ ಮಾತಾಡಿ ನಾಲ್ಕು ಅರ್ಥ ಮಾಡಿಕೊಳ್ಳುತ್ತಿದ್ದಾರೆ. ಬಾಯಿಯ ಯಜಮಾನನಿಗೆ ಮಾತ್ರ ಆ ಹೊತ್ತಿನಲ್ಲಿ ಮಾತಾಡಲು ಬರುವುದಿಲ್ಲ, ಏಕೆಂದರೆ ಅದರ ತುಂಬ ಹತ್ತಿ ತುರುಕಿರುತ್ತಾರೆ.

ಇದನ್ನೆಲ್ಲ ಸರಿಪಡಿಸಲೆಂದೇ ನಿಮ್ಮ ಸಮಿತಿ ಹುಟ್ಟಿತು ಎಂದು ತಿಳಿದು, ನಿಮ್ಮ ಕಚೇರಿಗೂ ಬಂದೆ. ಉದ್ದನೆಯ ಓಣಿ, ಗೋಡೆಗೆ ಒರಗಿಸಿಟ್ಟ ಮುರಿದ ಕುರ್ಚಿಗಳು, ಕೊನೆಯಲ್ಲಿ ನಿಮ್ಮ ಹುದ್ದೆಯ ಫಲಕ. ನೀವಿರಲಿಲ್ಲ. ನಿಮ್ಮ ಸಹಾಯಕರು ಇದ್ದರು. ಸಮಿತಿ ಎಲ್ಲಿಗೆ ಬಂದಿದೆ ಎಂದು ಕೇಳಿದೆ.

“ಅಕಾರಾದಿಯಾಗಿ ಹೋಗ್ತಿದ್ದೀವಿ ಮೇಡಂ. ಈಗ ‘ಅಚ್ಚು’ ಹತ್ರ ಇದ್ದೀವಿ. ಅದರಲ್ಲಿ ಸದಸ್ಯರಿಗೆ ಭಿನ್ನಾಭಿಪ್ರಾಯ ಇದೆ.”

“ಪರಿಶೀಲನೆ?”

“ಅದು ‘ಪ’ ಅಲ್ವಾ. ತುಂಬಾ ದೂರ ಇದೆ.”

ಬೆಂಕಿ ಬಿದ್ದ ಮನೆಯಲ್ಲಿ ಮೊದಲ ಕೋಣೆಯಿಂದ ಶುರುಮಾಡಿ ಸಾಲಾಗಿ ನೀರು ಹಾಕುತ್ತ ಬನ್ನಿ ಎಂದು ಯಾರಾದರೂ ಹೇಳಿದ್ದುಂಟೇ? ನಿಮ್ಮ ಸಮಿತಿಯಲ್ಲಿ ಪಂಡಿತರಿದ್ದಾರೆ, ಪ್ರಾಧ್ಯಾಪಕರಿದ್ದಾರೆ, ಯಂತ್ರ ಮಾರುವವರ ಪ್ರತಿನಿಧಿಗಳೂ ಇದ್ದಾರಂತೆ. ಯಾವ ಪದ ತಪ್ಪಾದರೆ ಯಾರಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ, ಅಪಾಯದ ಪದವನ್ನು ಮೊದಲು ಎತ್ತಿಕೊಳ್ಳೋಣ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ತೋಚಲಿಲ್ಲವೇ? ಅಥವಾ ಅದನ್ನೂ ಯಾರೋ ನೋಡಿರುತ್ತಾರೆ ಅಂದುಕೊಂಡಿರಾ?

ಆಮೇಲೆ ನಾನು ಪತ್ರ ಬರೆದೆ. ತಿಂಗಳುಗಳು ಕಳೆದ ಮೇಲೆ ಉತ್ತರ ಬಂತು. ಒಂದೇ ಸಾಲು: ‘ತಮ್ಮ ಪತ್ರವನ್ನು ಪರಿಶೀಲಿಸಲಾಗಿದೆ.’ ಫೋನ್ ಮಾಡಿ ಏನನ್ನು ಪರಿಶೀಲಿಸಿದಿರಿ ಎಂದು ಕೇಳಿದೆ. ಲಗತ್ತುಗಳು ಎಲ್ಲ ಇವೆಯೇ ಎಂದು ನೋಡಿದ್ದರಂತೆ. ಎಲ್ಲ ಇದ್ದವಂತೆ. ನನ್ನ ತಮ್ಮನ ತುಟಿಯ ಚಿತ್ರವೂ ಇತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಿದ್ದೆನೇನೋ. ಮುಗಿದಿಲ್ಲ. ಪ್ಲಾನ್ ಸಂಸ್ಥೆಗೆ ಮತ್ತೆ ಫೋನ್ ಮಾಡಿ, ನನ್ನ ತಮ್ಮನ ಫೈಲಿನಲ್ಲಿರುವ ತಪ್ಪು ಗೆರೆಯನ್ನಾದರೂ ಅಳಿಸಿಹಾಕಿ ಎಂದೆ. ಯುವತಿ ಫೈಲ್ ತೆರೆದು ನೋಡಿದಳು. ಅವಳ ದನಿಯಲ್ಲಿ ಸಂತೋಷವಿತ್ತು.

“ಇದು ತುಂಬಾ ಒಳ್ಳೆ ಕೇಸ್ ಮೇಡಂ. ಪ್ಲಾನ್‌ನಲ್ಲಿ ಇದ್ದ ಹಾಗೇ ಸ್ಕ್ರೂ ಕೂತಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ‘ಯಶಸ್ವಿ’ ಅಂತ ಇದೆ. ಇದನ್ನು ಕಲಿಕೆಯ ಗುಂಪಿಗೆ ಸೇರಿಸಿದ್ದಾರೆ.”

“ಕಲಿಕೆಯ ಗುಂಪು ಅಂದ್ರೆ?”

“ಮುಂದಿನ ಪ್ರೋಗ್ರಾಂ ಇಂಥ ಕೇಸ್‌ಗಳನ್ನು ನೋಡಿ ಕಲಿಯುತ್ತೆ.”

ಆ ಸ್ಕ್ರೂ ಈಗ ಅವನ ಬಾಯಲ್ಲಿಲ್ಲವಲ್ಲ, ಅದನ್ನು ಕಿತ್ತು ತೆಗೆದದ್ದು ಫೈಲಿನಲ್ಲಿ ಇಲ್ಲವೇ ಎಂದು ಕೇಳಿದೆ. ಇತ್ತು. ತೆಗೆದದ್ದಕ್ಕೆ ಕಾರಣ ತುಂಬುವ ಕಡೆ ‘ಸೋಂಕು’, ‘ಮುರಿತ’, ‘ರೋಗಿಯ ಕೋರಿಕೆ’ ಎಂಬ ಆಯ್ಕೆಗಳು ಮಾತ್ರ ಇದ್ದವಂತೆ. ನರ ಎಂಬ ಆಯ್ಕೆ ಇರಲಿಲ್ಲ, ಏಕೆಂದರೆ ಆ ಆಯ್ಕೆಗಳ ಪದಗಳನ್ನು ಅಂತಿಮಗೊಳಿಸಬೇಕಾದವರು ನೀವು. ಹಾಗಾಗಿ ದಾಖಲೆಯ ಪ್ರಕಾರ ನನ್ನ ತಮ್ಮ ಯಶಸ್ವಿಯಾಗಿ ಹಾಕಿದ ಸ್ಕ್ರೂವನ್ನು ತನ್ನ ಖುಷಿಗೆ ತೆಗೆಸಿಕೊಂಡ ಮನುಷ್ಯ.

ನಿಮಗೆ ಅರ್ಥವಾಯಿತೇ ಏನಾಗಿದೆ ಎಂದು? ನರ ಇಲ್ಲದ ಜಾಗದಲ್ಲಿ ಎಳೆದ ಆ ಕೆಂಪು ಗೆರೆ ಈಗ ಪಾಠವಾಗಿದೆ. ಯಂತ್ರ ಅದನ್ನು ನೋಡಿ, ದವಡೆ ಹೀಗಿದ್ದರೆ ನರ ಇಲ್ಲಿರುತ್ತದೆ ಎಂದು ಕಲಿಯುತ್ತಿದೆ. ಎಲ್ಲೋ ಯಾವುದೋ ನೆಲಮಾಳಿಗೆಯಲ್ಲಿ ನನ್ನ ತಮ್ಮನಂಥದೇ ದವಡೆಯವರು ಒಬ್ಬರು ತಲೆ ಅಲ್ಲಾಡಿಸದೆ ನಿಂತಿರುತ್ತಾರೆ. ಚಿತ್ರ ಸ್ಪಷ್ಟವಾಗಿ ಬರುತ್ತದೆ. ಗೆರೆ ಅದೇ ತಪ್ಪು ಜಾಗದಲ್ಲಿ, ಇನ್ನಷ್ಟು ಧೈರ್ಯವಾಗಿ ಬೀಳುತ್ತದೆ. ಅಚ್ಚು ಗಟ್ಟಿಯಾಗಿ ಕೂರುತ್ತದೆ. ಅವರ ತುಟಿಯೂ ಸತ್ತರೆ ಅದೂ ಯಶಸ್ವಿ, ಅದೂ ಪಾಠ. ಹೀಗೆ ಎಷ್ಟು ತುಟಿಗಳು ಈಗಾಗಲೇ ಯಶಸ್ವಿಯಾಗಿವೆ ಎಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ, ಏಕೆಂದರೆ ಅದನ್ನು ಬರೆಯಲು ಬೇಕಾದ ಪದವೇ ಫೈಲುಗಳಲ್ಲಿಲ್ಲ.

ಮೊನ್ನೆ ಚಿಕಿತ್ಸಾಲಯದಲ್ಲಿ ಕಾಯುತ್ತಿದ್ದಾಗ ಪಕ್ಕದಲ್ಲಿ ಒಬ್ಬರು ಬಸ್ ಚಾಲಕರು ಕೂತಿದ್ದರು. ಬೇರೊಂದು ಕಡೆ ಹಲ್ಲು ಹಾಕಿಸಿಕೊಳ್ಳಲು ಎಲ್ಲ ಸಿದ್ಧವಾಗಿದೆ, ಇಲ್ಲಿ ಒಂದು ಮಾತು ಕೇಳೋಣ ಎಂದು ಬಂದವರು. ಅವರ ತೊಡೆಯ ಮೇಲೆ ಪುಟ್ಟ ಪೆಟ್ಟಿಗೆ, ಅದರೊಳಗೆ ಪಾರದರ್ಶಕ ಗೈಡ್.

“ಎಲ್ಲಾ ಪರಿಶೀಲನೆ ಆಗಿದೆಯಂತೆ,” ಅಂದರು ಸಮಾಧಾನದಿಂದ.

“ಯಾರು ನೋಡಿದ್ರಂತೆ?”

ಅವರು ನಕ್ಕರು. “ಯಾರೋ ನೋಡಿರ್ತಾರೆ ಬಿಡಿ ಅಮ್ಮ. ನಾನು ಬಸ್ ಹತ್ತೋವಾಗ ಬ್ರೇಕ್ ಯಾರು ನೋಡಿದ್ರು ಅಂತ ಕೇಳ್ತೀನಾ?”

“ಕೇಳಲ್ವಾ?”

ಅವರ ನಗು ನಿಧಾನವಾಗಿ ಇಳಿಯಿತು. ಪೆಟ್ಟಿಗೆಯನ್ನು ಒಮ್ಮೆ ನೋಡಿಕೊಂಡರು. “ಕೇಳ್ತೀನಿ,” ಅಂದರು.

ಈಗ ಗುರುವಾರದ ವಿಷಯ. ಪೀಪಿ ಎಡಗಡೆ ಅಗಿಯುವ ಹಾಗಿಲ್ಲ. ಅಗಿದರೆ ತನ್ನ ತುಟಿಯನ್ನೇ ಕಚ್ಚಿಕೊಳ್ಳುತ್ತಾನೆ, ರಕ್ತ ಬಟ್ಟೆಗೆ ಬಿದ್ದ ಮೇಲೆಯೇ ತಿಳಿಯುವುದು. ಬಲಗಡೆ ಹಲ್ಲಿಲ್ಲ. ಮುಂದಿನ ಹಲ್ಲಿನಲ್ಲಿ ಮೊಲದ ಹಾಗೆ ಮೆದ್ದು ಮೆದ್ದು ಸೊರಗಿದ್ದಾನೆ. ಬಲಗಡೆ ಹಲ್ಲು ಕಟ್ಟಿಸದೆ ಗತಿಯಿಲ್ಲ. ಆದರೆ ಬಲಗಡೆಯ ಪ್ಲಾನ್ ಕೂಡ ಅದೇ ಫೈಲಿನಲ್ಲಿದೆ, ಅದೇ ಪ್ರೋಗ್ರಾಂ ಎಳೆದ ಗೆರೆ, ಅದೇ ಹಸಿರು ಗುರುತು. ಗೈಡ್ ಮುದ್ರಣವಾಗಿ ಪೆಟ್ಟಿಗೆಯಲ್ಲಿ ಕೂತಿದೆ. ಹೊಸದಾಗಿ ಸ್ಕ್ಯಾನ್ ಮಾಡಿಸಿದರೂ ಅವನ ಫೈಲಿನ ನಂಬರನ್ನು ಗುರುತು ಹಿಡಿದು ಹಳೆಯ ಗೆರೆ ಬಂದು ಕೂರುತ್ತದೆ. ‘ಪರಿಶೀಲಿಸಲಾಗಿದೆ’ ಎಂಬುದನ್ನು ತೆಗೆದುಹಾಕಲು ಗುಂಡಿಯಿಲ್ಲ. ವೈದ್ಯೆ ನಮ್ಮ ಮುಂದೆಯೇ ಪ್ರಯತ್ನಿಸಿದರು. ‘ಪರಿಶೀಲಿಸಲಾಗಿದೆ’, ‘ಪರಿಶೀಲನೆಯಲ್ಲಿದೆ’, ಎರಡೇ ಆಯ್ಕೆ. ‘ಯಾರೂ ನೋಡಿಲ್ಲ’ ಎಂಬ ಆಯ್ಕೆ ಇಡೀ ವ್ಯವಸ್ಥೆಯಲ್ಲಿ ಎಲ್ಲಿಯೂ ಇಲ್ಲ. ಆ ವೈದ್ಯೆ ಬೇಡವೆಂದರೆ ಫೈಲ್ ತಾನಾಗಿಯೇ ಬೇರೆ ಚಿಕಿತ್ಸಾಲಯ ಹುಡುಕಿಕೊಂಡು ಹೋಗುತ್ತದೆ. ಹೋಗಿಯೂ ಆಗಿದೆ. ನಾವು ಹೆಸರೇ ಕೇಳದ ಕಡೆಗಳಿಂದ ಪೀಪಿಯ ಫೋನಿಗೆ ಸಂದೇಶಗಳು ಬರುತ್ತಿವೆ: ನಿಮ್ಮ ಬಲಗಡೆಯ ಪ್ಲಾನ್ ಪರಿಶೀಲಿಸಲಾಗಿದೆ, ದಯವಿಟ್ಟು ಬನ್ನಿ. ಅವನು ಅಳಿಸುತ್ತಾನೆ, ಮತ್ತೆ ಬರುತ್ತವೆ. ನಾನು ಇದನ್ನು ಬರೆಯುತ್ತಿರುವಾಗಲೂ ಒಂದು ಬಂತು.

ವೈದ್ಯೆ ಕೊನೆಗೆ ಒಂದು ಕೆಲಸ ಮಾಡಿದರು. ಬಲದವಡೆಯ ಎಕ್ಸ್-ರೇ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ಬೆಳಕಿಗೆ ಹಿಡಿದು, ಪದರ ಪದರವಾಗಿ ಪೆನ್ಸಿಲಿನಿಂದ ನರವನ್ನು ಗುರುತಿಸಿದರು. ನಾನೂ ಪೀಪಿಯೂ ಎದುರಿಗೆ ಕೂತಿದ್ದೆವು. ನಮ್ಮ ಕೌಂಟರಿನ ಪದ್ಧತಿಯನ್ನು ಅವರಿಗೆ ಹೇಳಿದ್ದೆ. ಅವರೂ ಏನು ನೋಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುತ್ತ ಹೋದರು. ಪೆನ್ಸಿಲ್ ಒಂದು ಕಡೆ ನಿಂತಿತು. ಬಲಗಡೆಯೂ ನರ ಆ ಕೆಂಪು ಗೆರೆಗಿಂತ ಮೇಲಿತ್ತು. ಪೆಟ್ಟಿಗೆಯಲ್ಲಿರುವ ಗೈಡ್ ಇಟ್ಟು ಕೊರೆದರೆ ಡ್ರಿಲ್ ನೇರ ಅದಕ್ಕೇ ಇಳಿಯುತ್ತದೆ. ಪೀಪಿ ತನ್ನ ತುಟಿಯ ಬಲತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ, ಇನ್ನೂ ಇದೆಯೇ ಎಂಬಂತೆ.

“ಈ ಗೈಡ್ ನಾನು ಮುಟ್ಟಲ್ಲ,” ಅಂದರು ವೈದ್ಯೆ. “ಗಿಡ್ಡ ಸ್ಕ್ರೂ ಹಾಕ್ತೀನಿ, ನನ್ನ ಗೆರೆ ನೋಡ್ಕೊಂಡು. ಆದರೆ ಒಂದು ವಿಷಯ ನಿಮಗೆ ಗೊತ್ತಿರಲಿ. ಪರಿಶೀಲಿಸಿದ ಪ್ಲಾನ್ ಬಿಟ್ಟು ಬೇರೆ ಮಾಡಿದ್ರೆ ಅದು ‘ವಿಚಲನೆ’ ಅಂತ ದಾಖಲಾಗುತ್ತೆ. ನನಗೆ ನೋಟಿಸ್ ಬರುತ್ತೆ. ಪರವಾನಗಿಗೂ ತೊಂದರೆ ಆಗ್ಬಹುದು.”

“ಮತ್ತೆ ಯಾಕೆ ಮಾಡ್ತೀರಾ?” ಎಂದು ಪೀಪಿ ಕೇಳಿದ.

“ಈ ಸಲ ನಾನು ನೋಡಿದ್ದೀನಿ.”

ಮಾನ್ಯರೇ, ನೀವು ಅರ್ಥ ಕೊಡದೆ ಬಿಟ್ಟ ಪದಗಳು ನಮ್ಮನ್ನು ತಂದು ನಿಲ್ಲಿಸಿದ ಜಾಗ ಇದು. ನರವನ್ನು ಕೊಂದರೆ ಅದು ಯಶಸ್ಸು, ಉಳಿಸಿದರೆ ವಿಚಲನೆ. ನೋಡದವರಿಗೆ ಹಸಿರು ಗುರುತು, ನೋಡಿದವರಿಗೆ ನೋಟಿಸ್. ಇದಕ್ಕಿಂತ ಹೆಚ್ಚು ಹೆದರಿಸುವ ವಿಷಯವನ್ನು ನಾನು ಔಷಧಗಳ ನಡುವೆ ಕಳೆದ ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ವಿಷದ ಶೀಶೆಯ ಮೇಲಾದರೂ ವಿಷ ಎಂದು ಬರೆದಿರುತ್ತದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ‘ಅಚ್ಚು’ವಿನ ಜಗಳವನ್ನು ಸ್ವಲ್ಪ ಕಾಲ ಬದಿಗಿಟ್ಟು ನಾಳೆಯೇ ಸಭೆ ಕರೆಯಿರಿ. ಯಾವ ಫೈಲಿನ ಮೇಲಾದರೂ ‘ಪರಿಶೀಲಿಸಲಾಗಿದೆ’ ಎಂದು ಬರೆಯುವವರು ನೋಡಿದ್ದು ಮನುಷ್ಯನೋ ಯಂತ್ರವೋ, ನೋಡಿದ್ದು ಏನನ್ನು ಎಂಬುದನ್ನೂ ಬರೆಯಲೇಬೇಕೆಂದು ಎಲ್ಲ ಸಂಸ್ಥೆಗಳೂ ಒಪ್ಪುವಂತೆ ಮಾಡಿ. ಆಯ್ಕೆಗಳಲ್ಲಿ ‘ಯಾರೂ ನೋಡಿಲ್ಲ’ ಎಂಬ ಒಂದು ಸಾಲು ಸೇರಿಸಿ. ಅದನ್ನು ಒತ್ತಲು ನಾಚಿಕೆಯಾಗಿಯಾದರೂ ಯಾರೋ ಒಬ್ಬರು ನೋಡುತ್ತಾರೆ. ಮತ್ತು ನನ್ನ ತಮ್ಮನ ದವಡೆಯನ್ನು ಆ ಯಶಸ್ವಿಗಳ ಗುಂಪಿನಿಂದ ಹೊರಗೆ ತೆಗೆಯಿರಿ. ಅವನ ಎಡತುಟಿ ಹೋಯಿತು, ಅದು ಬರುವುದಿಲ್ಲ. ಅದನ್ನು ತೋರಿಸಿ ಯಂತ್ರಕ್ಕೆ ಇನ್ನೊಬ್ಬರ ತುಟಿ ತೆಗೆಯುವುದನ್ನು ಕಲಿಸಬೇಡಿ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ವೈದ್ಯೆಯೊಬ್ಬರ ವಿರುದ್ಧದ ವಿಚಲನೆಯ ವರದಿಯ ಒಂದು ಪ್ರತಿ ನಿಮ್ಮ ಮೇಜಿನ ಮೇಲೂ ಬರುತ್ತದೆ. ಅದರ ಜೊತೆಗೆ ಪೆನ್ಸಿಲಿನ ಗೆರೆಗಳಿರುವ ಕಾಗದಗಳನ್ನು ಲಗತ್ತಿಸಲು ನಾನೇ ಹೇಳಿದ್ದೇನೆ. ಆ ಹೊತ್ತಿಗೆ ನನ್ನ ತಮ್ಮ ಮರಗಟ್ಟಿದ ಬಾಯಿಯೊಂದಿಗೆ ಮನೆಯ ಜಗಲಿಯಲ್ಲಿ ಕೂತು, ಬಲತುಟಿಗೆ ಜೀವ ಮರಳುವುದನ್ನು ಕಾಯುತ್ತಿರುತ್ತಾನೆ. ನಾನು ಅವನ ಪಕ್ಕದಲ್ಲಿರುತ್ತೇನೆ. ಒಂದು ಉಪಕಾರ ಮಾಡಿ. ಆ ವರದಿಯನ್ನು ದಯವಿಟ್ಟು ಪರಿಶೀಲಿಸಬೇಡಿ. ನೋಡಿ.

ಇಂತಿ,
ನಿಮ್ಮ ದಾಖಲೆಗಳಲ್ಲಿ ಯಶಸ್ವಿಯಾಗಿರುವ ಪ್ರಕರಣವೊಂದರ ಅಕ್ಕ